ಹಾಸಿಗೆಯ ಗೋಡೆ ಬದಿ

ನಮ್ಮಣ್ಣ ಹಾಸಿಗೆ ಹೊಲಿಯುವವನು. ಜನ ತಂದುಕೊಟ್ಟ ಹಳೇ ಹಾಸಿಗೆಯ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ, ದಬ್ಬಣದಲ್ಲಿ ಹೊಲಿದು ಕೊಡುವುದು ಮೂವತ್ತು ವರ್ಷದಿಂದ ಅವನ ಕಸುಬು. ಅಂಥವನ ಮನೆಯ ಹಾಸಿಗೆ ಹೇಗಿರಬೇಕು ಹೇಳಿ? ಗಿರಾಕಿಗಳ ಕೆಲಸದಲ್ಲಿ ಮಿಕ್ಕ ಹತ್ತಿಯನ್ನೆಲ್ಲ ತುರುಕಿದ್ದ ಆ ಹಾಸಿಗೆ ಬರೀ ಉಬ್ಬುತಗ್ಗು. ನಾನು ಪಕ್ಕದ ಮನೆಯಲ್ಲೇ ಇರುವ ತಂಗಿ, ನೂರು ಸಲ ಹೇಳಿದ್ದೆ. "ಆಯ್ತು, ಮುಂದಿನ ವಾರ ಬಿಚ್ತೀನಿ" ಅನ್ನುತ್ತಿದ್ದ. ಆ ವಾರ ಬರಲೇ ಇಲ್ಲ.

ಅತ್ತಿಗೆಗೆ ಸೊಂಟ ಹಿಡಿದುಕೊಂಡು, ಬೆಳಿಗ್ಗೆ ಕುರ್ಚಿ ಹಿಡಿಯದೆ ಏಳಲಾಗದಂತಾದಾಗ ಡಾಕ್ಟರು ಖಡಾಖಂಡಿತವಾಗಿ ಹೇಳಿದರು: ಹತ್ತಿ ಬೇಡ, ಸಮತಟ್ಟಾದ ಗಟ್ಟಿ ಫೋಮ್ ಹಾಸಿಗೆ ಬೇಕು, ಇಲ್ಲದಿದ್ದರೆ ಮಾತ್ರೆ ನುಂಗಿ ಪ್ರಯೋಜನವಿಲ್ಲ. ಅಣ್ಣನ ಮುಖ ಸಪ್ಪಗಾಯಿತು. ಹಾಸಿಗೆಯವನೇ ಅಂಗಡಿಗೆ ಹೋಗಿ ಹಾಸಿಗೆ ಕೊಂಡರೆ ಗಿರಾಕಿಗಳು ನಗುವುದಿಲ್ಲವೇ?

"ನಗಲಿ ಬಿಡು, ಅವರ ಸೊಂಟ ನೆಟ್ಟಗಿದೆ" ಅಂದೆ.

ಹೊಸದು ಕೈಗೆಟುಕುವಂತಿರಲಿಲ್ಲ. ಲಾಡ್ಜ್ ಮುಚ್ಚಿದವರೊಬ್ಬರು ತಮ್ಮ ಹಾಸಿಗೆಗಳನ್ನು ಅಗ್ಗಕ್ಕೆ ಮಾರುತ್ತಿದ್ದರು. ಅಣ್ಣ ಒಂದೊಂದನ್ನೂ ಮೂಸಿ ನೋಡಿ ಹಿಂದೆ ಸರಿದ. ಊರವರ ಹಾಸಿಗೆ ಬಿಚ್ಚಿ ಬಿಚ್ಚಿ ಅವನಿಗೆ ಒಳಗಿನ ಸಂಗತಿಯೆಲ್ಲ ಗೊತ್ತು. ತಿಗಣೆ, ಹೇರ್‌ಪಿನ್ನು ಹೋಗಲಿ, ಒಮ್ಮೆ ಕಟ್ಟಿಸಿದ ಹಲ್ಲಿನ ಸೆಟ್ಟೇ ಸಿಕ್ಕಿತ್ತಂತೆ. "ಇವ್ಯಾವೂ ಬೇಡ" ಅಂದವನೇ ಹೊರಟುಬಂದ.

ಕೊನೆಗೆ ಮುಖ್ಯರಸ್ತೆಯ ಅಂಗಡಿಯೊಂದರಲ್ಲಿ, ಗಿರಾಕಿಗಳಿಗೆ ತೋರಿಸಲೆಂದು ಎರಡು ವರ್ಷದಿಂದ ಹಾಸಿಟ್ಟಿದ್ದ ಹಾಸಿಗೆ ಅರ್ಧ ಬೆಲೆಗೆ ಸಿಗುತ್ತದೆಂದು ತಿಳಿಯಿತು. ಮೂವರೂ ಹೋದೆವು.

"ಒಬ್ರೂ ಮಲಗಿಲ್ಲ ಸಾರ್, ಹೊಸದೇ" ಅಂದ ಮಾರುವವನು.

ಅಣ್ಣ ಅಂಗೈ ಒತ್ತುತ್ತಾ ಈ ಅಂಚಿನಿಂದ ಆ ಅಂಚಿಗೆ ಹೋದ. "ಮಲಗಿಲ್ಲ, ಸರಿ. ಆದ್ರೆ ಬಂದೋರೆಲ್ಲ ಓಡಾಡೋ ಕಡೆ ಕೂತು ಕುಪ್ಪಳಿಸಿದ್ದಾರೆ. ಈ ಬದಿ ಕುಸಿದಿದೆ ನೋಡಿ. ಗೋಡೆ ಕಡೇದನ್ನ ಯಾರೂ ಮುಟ್ಟೇ ಇಲ್ಲ."

ಮಾರುವವನು ತಲೆ ಕೆರೆದುಕೊಂಡ.

"ಮಲಗಿ ನೋಡು" ಅಂತ ಅಣ್ಣ ಅತ್ತಿಗೆಗೆ ಹೇಳಿದ. ಅವಳು ಸಂಕೋಚದಿಂದ ಚಪ್ಪಲಿ ಬಿಟ್ಟು, ಆ ಕುಸಿದ ಅಂಚಿನಲ್ಲೇ ಮೈ ಮುದುಡಿಕೊಂಡು ಮಲಗಿದಳು.

"ಸಾಕು ರೀ, ಚೆನ್ನಾಗೇ ಇದೆ."

ಕೊಟ್ಟದ್ದಕ್ಕೆಲ್ಲ ಸಾಕು ಅನ್ನುವುದೇ ಅವಳ ಕಾಯಿಲೆ. ನನಗೆ ಮೈ ಉರಿಯಿತು.

"ಆ ಕಡೆ ಸರಿ. ಗೋಡೆ ಕಡೆ" ಅಂದ ಅಣ್ಣ.

"ಗೋಡೆ ಕಡೆ ನೀವಲ್ವಾ ಮಲಗೋದು? ನಾನು ಒಳಗಾದ್ರೆ ಏಳೋರು ಯಾರು?"

ಮಕ್ಕಳು ಅತ್ತಾಗ ಎದ್ದವಳು ಅವಳು. ಹಾಸಿಗೆ ಹಿಡಿದಿದ್ದ ನಮ್ಮಮ್ಮ ಕೂಗಿದಾಗ ಎದ್ದವಳೂ ಅವಳೇ. ಮಕ್ಕಳು ದೊಡ್ಡವರಾಗಿ ಅವರವರ ಮನೆ ಸೇರಿದರು, ಅಮ್ಮ ತೀರಿಕೊಂಡಳು, ಅತ್ತಿಗೆ ಮಲಗುವ ಜಾಗ ಮಾತ್ರ ಬದಲಾಗಲಿಲ್ಲ. ಅಮ್ಮನಿಗೆಂದು ಪಕ್ಕದ ಮನೆಯ ನಾನು ಎಷ್ಟು ಸಲ ಎದ್ದು ಬಂದಿದ್ದೆ? ಅಲ್ಲಿ ನಿಂತಾಗ ಅದು ನೆನಪಾಗಿ ನಾಚಿಕೆಯಾಯಿತು.

"ಅಷ್ಟೇನಾ? ತಲೆ ಕಡೇನ ಕಾಲ್ಕಡೆ ತಿರುಗಿಸಿ ಹಾಕ್ಕೊಳ್ಳಿ, ಒಳ್ಳೇ ಬದಿ ಹೊರಗೆ ಬರುತ್ತೆ" ಅಂದ ಮಾರುವವನು.

ಅದು ಅಣ್ಣನಿಗೆ ಗೊತ್ತಿಲ್ಲದ ವಿಷಯವೇ? ಆದರೂ ಅವನು ಕುಸಿದ ಜಾಗವನ್ನು ಇನ್ನೊಮ್ಮೆ ಅಂಗೈಯಲ್ಲಿ ಒತ್ತಿ ನೋಡಿದ.

"ತಿರುಗಿಸೋದು ಬೇಡ. ಇನ್ಮೇಲೆ ನಾನು ಏಳ್ತೀನಿ" ಅಂದ.

ಅತ್ತಿಗೆ ನಕ್ಕಳು. ನಾನೂ ನಕ್ಕೆ. ಎಂಟು ಗಂಟೆಗೆ ಮುಂಚೆ ಅವನು ಎದ್ದದ್ದನ್ನು ನಾನಂತೂ ಕಂಡವಳಲ್ಲ. ಸಂಜೆಯೊಳಗೆ ಹಾಸಿಗೆ ಮನೆಗೆ ಬಂತು.

ಮರುದಿನ ಬೆಳಿಗ್ಗೆ ಆರಕ್ಕೇ ಯಾರೋ ನಮ್ಮ ಬಾಗಿಲನ್ನು ಬೆರಳ ತುದಿಯಲ್ಲಿ ತಟ್ಟಿದರು. ತೆಗೆದರೆ ಅಣ್ಣ, ಕೆದರಿದ ತಲೆ, ಕೈಯಲ್ಲಿ ಹಾಲಿನ ಪ್ಯಾಕೆಟ್ಟು.

"ಹಾಲು ಕಾಯಿಸೋ ಪಾತ್ರೆ ಎಲ್ಲಿರುತ್ತೆ ಕಣೇ?"

"ನಿನ್ನ ಮನೆ ಪಾತ್ರೆ ನನ್ನ ಕೇಳ್ತೀಯಲ್ಲ ಅಣ್ಣ! ಅತ್ತಿಗೇನ ಕೇಳು."

"ಮೆಲ್ಲಗೆ ಮಾತಾಡು" ಅಂದ. "ಅವಳಿನ್ನೂ ಮಲಗಿದ್ದಾಳೆ."