ಕೌದಿಗೆ ಬಂದ ಕಲ್ಲುಗೆಲಸದ ದಾರ

ಮುನ್ನಿ, ಬಾಬು,

ಹೋದ ಸಲ ಬಂದಾಗ ನೀವು ನನ್ನ ಕೌದಿ ಹೊದ್ದುಕೊಂಡು, ಇದನ್ನು ಯಾವ ಮಷಿನ್ನಿನಲ್ಲಿ ಹೊಲಿಸಿದಿ ಎಂದು ಕೇಳಿದಿರಿ. ಅದು ಒಂದು ಮಾತಿನಲ್ಲಿ ಮುಗಿಯುವ ಕತೆಯಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಷಿನ್ನು ಇರಲಿಲ್ಲ. ಆಗ ನಾವು ಶಹಾಬಾದಿನಲ್ಲಿದ್ದೆವು. ನಿಮ್ಮ ಮುತ್ಯಾ, ಅಂದರೆ ನಮ್ಮ ಮನೆಯವರು, ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿಯುವ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಓಣಿಯ ನಾಲ್ಕು ಮನೆಯ ಹೆಂಗಸರು ಯುಗಾದಿ ಮುಗಿದ ಮೇಲೆ ಬೇವಿನ ನೆರಳಿನಲ್ಲಿ ಕೂತು ಒಂದು ಕೌದಿ ಹೊಲಿಯುತ್ತಿದ್ದೆವು. ಒಂದು ವರ್ಷ ಒಂದು ಮನೆಯ ಪಾಳಿ. ಬಟ್ಟೆ ಆ ಮನೆಯದು, ಕೈ ಎಲ್ಲರದು. ಒಬ್ಬೊಬ್ಬರು ಒಂದೊಂದು ಬದಿಗೆ ಕೂತು ಹೊಲಿಯುತ್ತ ನಡುವಿಗೆ ಬರಬೇಕು. ಆದರೆ ಒಬ್ಬರ ಸಾಲು ಒತ್ತಾಗಿ, ಇನ್ನೊಬ್ಬರದು ಬೆರಳು ಅಗಲ. ಸಾಲು ಕೂಡುವಲ್ಲಿ ಬಟ್ಟೆ ಮುದುಡುತ್ತಿತ್ತು, ಅಲ್ಲಿಂದ ಜಗಳ. ಯಾರ ಸಾಲು ಸರಿ ಎಂದು ಹೇಳುವವಳು ಓಣಿಗೆಲ್ಲ ಹಿರಿಯಳಾದ ದೊಡ್ಡವ್ವ.

ಆ ವರ್ಷ ದೊಡ್ಡವ್ವನದೇ ಪಾಳಿ. ತೀರಿಹೋದ ಗಂಡನ ಧೋತರಗಳನ್ನು ಅವಳು ಪೆಟ್ಟಿಗೆಯಿಂದ ತೆಗೆದಿದ್ದಳು. ನಾನು ಹೊಸದಾಗಿ ಬಂದ ಸೊಸೆ. ನನ್ನ ಹೊಲಿಗೆಯನ್ನು ಎರಡು ಸಲ ಬಿಚ್ಚಿದಳು. ಮೂರನೆಯ ಸಲ, “ವಾಡಿ ಸ್ಟೇಷನ್‌ದಾಗ ರೈಲು ದಾರಿ ಬಿಟ್ಟು ಹೊಂಟಂಗ ಹೊಂಟದ ನೋಡವ್ವ ನಿನ್ನ ಸಾಲು. ನಾಳಿಂದ ನೀ ಸೂಜಿಗಿ ದಾರ ಪೋಣಿಸಿ ಕೊಡು, ಸಾಕು” ಅಂದಳು.

ಆ ನೆರಳು ಬಿಟ್ಟರೆ ನನಗೆ ಊರಲ್ಲಿ ಬೇರೆ ಕೂಡುವ ಜಾಗ ಇರಲಿಲ್ಲ. ದಾರ ಪೋಣಿಸುತ್ತ ಮೂರು ದಿನ ಎಲ್ಲರ ಕೈಯನ್ನೇ ನೋಡಿದೆ. ನನ್ನ ಸಾಲು ಏಕೆ ಬಾಗುತ್ತದೆ? ನೋಡನೋಡುತ್ತ ತಿಳಿಯಿತು, ಎಲ್ಲರದೂ ಬಾಗುತ್ತದೆ. ಎದುರುಮನೆಯಾಕೆ ಬೇವಿನ ಬೊಡ್ಡೆಗೆ ಒರಗಿ ಕೂಡುತ್ತಿದ್ದಳು, ಅವಳ ಸಾಲು ಬೊಡ್ಡೆಯ ಕಡೆಗೆ. ನಾನು ಸೂಜಿಯನ್ನು ನನ್ನ ಕಡೆಗೇ ಎಳೆಯುವವಳು, ನನ್ನದು ನನ್ನ ಮಡಿಲಿಗೆ.

ಕಲ್ಲಿನ ಮೇಲೆ ಗೆರೆ ನೆಟ್ಟಗೆ ಹೇಗೆ ಬರುತ್ತದೆ ಎಂದು ಮುತ್ಯಾನನ್ನು ಕೇಳಿದೆ. ಅವರು ಚೀಲದಿಂದ ದಾರದ ಉಂಡೆ ತೆಗೆದರು. ಕೆಮ್ಮಣ್ಣಿನ ನೀರಲ್ಲಿ ಅದ್ದಿ, ಇಬ್ಬರು ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಗೆರೆ ಬೀಳುತ್ತದೆ. ಮರುದಿನ ಎಲ್ಲರಿಗಿಂತ ಮೊದಲು ಹೋಗಿ, ಹಾಸಿಟ್ಟಿದ್ದ ಕೌದಿಯ ಮೇಲೆ ದಾರದ ಒಂದು ತುದಿಯನ್ನು ಕಲ್ಲಿನಡಿ ಒತ್ತಿ ಹೊಡೆದೇ ಬಿಟ್ಟೆ. ಗೆರೆಯೇನೋ ನೆಟ್ಟಗೆ ಬಿತ್ತು. ಜೊತೆಗೆ ಬಿಳಿ ಧೋತರದ ತುಂಬ ಕೆಂಪು ಹನಿ ಸಿಡಿಯಿತು.

ದೊಡ್ಡವ್ವ ಬಂದು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಸೆರಗು ತೋಯಿಸಿ ತಂದು ಒಂದೊಂದೇ ಹನಿಯನ್ನು ಒರೆಸುತ್ತ ಕೂತಳು. ಪೂರ್ತಿ ಹೋಗಲಿಲ್ಲ.

ಇನ್ನು ನನ್ನನ್ನು ಸೂಜಿ ಪೋಣಿಸಲೂ ಕರೆಯುವುದಿಲ್ಲ ಅಂದುಕೊಂಡೆ. ಮುತ್ಯಾ ಕೇಳಿ ನಕ್ಕರು. “ಕಲ್ಲಿನ ಮ್ಯಾಲ ಬಣ್ಣ ನಿಲ್ಲಬೇಕು. ಬಟ್ಟಿ ಮ್ಯಾಲ ಯಾಕ ನಿಲ್ಲಬೇಕು? ಕಲ್ಲಿನ ಹಿಟ್ಟು ಹಚ್ಚಿ ನೋಡು.”

ಫರಸಿ ಉಜ್ಜಿದಾಗ ಬೀಳುವ ಬೂದು ಹಿಟ್ಟು ನಮ್ಮ ಅಂಗಳದಲ್ಲೇ ಇತ್ತು. ಈ ಸಲ ಮೊದಲು ನನ್ನ ಹಳೆಯ ಸೀರೆಯ ಮೇಲೆ ಹೊಡೆದೆ. ಗೆರೆ ಕಂಡಿತು, ಝಾಡಿಸಿದರೆ ಉದುರಿತು. ಆ ಸೀರೆಯನ್ನು ಒಯ್ದು ದೊಡ್ಡವ್ವನ ಮುಂದೆ ಹಾಸಿ, ಗೆರೆ ಹೊಡೆದು ತೋರಿಸಿ, ಝಾಡಿಸಿದೆ.

ಅವಳು ದಾರವನ್ನು ಕಸಿದುಕೊಂಡು ಕೌದಿಯ ಮೇಲೆ, ತಾನು ಹೊಲಿದ ಸಾಲಿನ ಪಕ್ಕಕ್ಕೇ ಹಿಡಿದಳು. ಅವಳ ಸಾಲೂ ಎರಡು ಬೆರಳು ಬಾಗಿತ್ತು. “ಅಯ್ಯ ದೊಡ್ಡವ್ವ, ನಿಮ್ಮ ರೈಲೂ ವಾಡಿಗೇ ಹೊಂಟದಲ್ರಿ” ಎಂದಳು ಎದುರುಮನೆಯಾಕೆ. ದೊಡ್ಡವ್ವ ದಾರವನ್ನು ಮತ್ತೆ ಹಿಟ್ಟಿನಲ್ಲಿ ಎಳೆದಳು. ಆಮೇಲೆ ಅಂದಳು, “ಹೊಲಿದದ್ದು ಯಾರೂ ಬಿಚ್ಚಬ್ಯಾಡ್ರಿ. ಇಲ್ಲಿಂದ ಮುಂದ ದಾರ ಹೇಳ್ದಂಗ.” ನನಗೆ ಸೂಜಿ ಕೊಟ್ಟಳು.

ಅವತ್ತಿನಿಂದ ಸಾಲಿನ ಮಾತೇ ನಿಂತಿತು. ದಾರಕ್ಕೆ ಹಿರಿಯರು ಕಿರಿಯರು ಇಲ್ಲವಲ್ಲ. ಜಗಳಕ್ಕೆ ಹೋಗುತ್ತಿದ್ದ ಹೊತ್ತಿನಲ್ಲಿ ಜೋಳದ ರಾಶಿ ಮಾಡಿದ್ದು, ಒಬ್ಬಾಕೆಯ ತೆಂಗಳಿಯ ತವರು, ನಾಲವಾರದ ಮಠ, ಏನೇನೋ ಮಾತಾದವು; ಒಮ್ಮೊಮ್ಮೆ ನಾನೂ ಮಾತಾಡಿದೆ. ಒಂದೇ ಸೋಜಿಗ. ಮೊದಲು ಸಾಲು ನೋಡಿದರೆ ಯಾರ ಕೈ ಎಂದು ಗೊತ್ತಾಗುತ್ತಿತ್ತು, ಈಗ ಗೊತ್ತಾಗಲೊಲ್ಲದು. ಬಗ್ಗಿ ನೋಡಿದೆ. ಸಾಲು ಒಂದೇ ಆದರೂ ಹೊಲಿಗೆಯ ಉದ್ದ ಒಂದೇ ಅಲ್ಲ. ದೊಡ್ಡವ್ವನದು ಜೋಳದ ಕಾಳಿನಷ್ಟು, ನನ್ನದು ತೊಗರಿಯಷ್ಟು.

ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ, ಕೌದಿ ಹಸಿದಿರಬಾರದೆಂದು. ಅದನ್ನು ಮುಚ್ಚುವುದು ಪಾಳಿಯ ಮನೆಯವರ ಕೆಲಸ. ದೊಡ್ಡವ್ವ ರೊಟ್ಟಿ ಇಟ್ಟು ಸೂಜಿಯನ್ನು ನನ್ನ ಕಡೆಗೆ ಚಾಚಿದಳು. ನಾನು ಗೆರೆ ಹೊಡೆಯುವ ದಾರದ ಉಂಡೆಗೆ ಕೈ ಹಾಕಿದೆ.

“ಅದು ಬ್ಯಾಡ. ಈ ಮೂಲಿ ನಿನ್ನ ಸೊಟ್ಟ ಕೈಲೇ ಇರಲಿ.”

ನೀವು ಹೊದ್ದ, ಈಗ ನಿಮಗೇ ಕಳಿಸುತ್ತಿರುವ ಕೌದಿ ಅದರ ಮುಂದಿನ ವರ್ಷ ನನ್ನ ಪಾಳಿಯಲ್ಲಿ ಆದದ್ದು. ಅದರ ಒಂದು ಮೂಲೆ ಮಾತ್ರ ಸೊಟ್ಟಗಿದೆ, ಹುಡುಕಿ ನೋಡಿ. ಅಲ್ಲಿ ಜೋಳದ ಕಾಳಿನ ಹೊಲಿಗೆ. ಆ ಮೂಲೆಯನ್ನು ದೊಡ್ಡವ್ವನಿಗೇ ಬಿಟ್ಟುಕೊಟ್ಟಿದ್ದೆ. ಉಳಿದ ಸಾಲುಗಳು ಯಾರವೆಂದು ಕೌದಿ ಹೇಳುವುದಿಲ್ಲ, ಹಿಟ್ಟಿನ ಗೆರೆಯೂ ಉದುರಿಹೋಗಿದೆ. ಹಾಗಾಗಿ ಈ ಹಾಳೆಗಳನ್ನು ಆ ಕೌದಿಯ ಮಡಿಕೆಯಲ್ಲೇ ಇಡಿ. ಒಗೆಯಲು ಹಾಕುವಾಗ ಮಾತ್ರ ನೆನಪಿಟ್ಟು ತೆಗೆಯಿರಿ.