ಟೋಪಿ ಎಂಬ ಮಾತಿದ್ದಲ್ಲೆಲ್ಲ

ನನ್ನ ಅಕ್ಕನ ಗಂಡ ಟೋಪಿ ಹೊಲಿಯುವವರು. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಮೂವತ್ತೊಂದು ವರ್ಷದಿಂದ ಈ ನಗು ಕೇಳಿ ಕೇಳಿ ನಮಗೆ ಸಾಕಾಗಿಹೋಗಿದೆ. ಅಕ್ಕನ ಮಗಳು ಒಂದನೇ ತರಗತಿಯಲ್ಲಿದ್ದಾಗ ಟೀಚರು "ನಿಮ್ಮಪ್ಪ ಏನ್ ಕೆಲ್ಸ ಮಾಡ್ತಾರೆ?" ಎಂದು ಕೇಳಿದ್ದಕ್ಕೆ, ಎದ್ದು ನಿಂತು "ಎಲ್ರಿಗೂ ಟೋಪಿ ಹಾಕ್ತಾರೆ ಮಿಸ್" ಅಂದಿತಂತೆ. ಟೀಚರು ಭಾವನನ್ನು ಶಾಲೆಗೆ ಕರೆಸಿದರು. ಭಾವ ಹೋಗಿ, ಮಗಳು ಹೇಳಿದ್ದು ನಿಜವೆಂದು ಒಪ್ಪಿಕೊಂಡು, ಟೀಚರ ತಲೆಯ ಅಳತೆ ತೆಗೆದುಕೊಂಡು ಬಂದರು.

ಅಂಗಡಿ ಎಂದರೆ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಐವತ್ತೆರಡರಿಂದ ಅರವತ್ತೆರಡರವರೆಗೆ ಅಂಕಿ ಬರೆದ ಮರದ ತಲೆಗಳು. ಬೇಕರಿಯವರು, ನರ್ಸುಗಳು, ಕಾವಲುಗಾರರು, ಬ್ಯಾಂಡಿನವರು ಎಲ್ಲರಿಗೂ ಅಲ್ಲಿಂದಲೇ ಟೋಪಿ. ಭಾವನಿಗೆ ಜನರ ಹೆಸರು ನೆನಪಿರುವುದಿಲ್ಲ, ತಲೆಯ ಸುತ್ತಳತೆ ಮಾತ್ರ ಮರೆಯುವುದಿಲ್ಲ. "ಆ ಐವತ್ತೇಳೂವರೆ ಬಂದಿದ್ರು" ಎನ್ನುತ್ತಾರೆ. ನಾನು ಐವತ್ತಾರು. ಕೋಪ ಬಂದಾಗ ತಲೆ ಊದುತ್ತದೆಯೋ ಎಂದು ಒಮ್ಮೆ ಅಳೆದು ನೋಡಿದರು. ಆಗಲೂ ಐವತ್ತಾರೇ ಇತ್ತು.

ಯಂತ್ರದ ಹಿಂದೆ ಒಂದು ಹಲಗೆ, ಅದರಲ್ಲಿ ಹನ್ನೊಂದು ಮೊಳೆ, ಹನ್ನೊಂದು ಕೀಲಿ. ಬೀದಿಯ ಹನ್ನೊಂದು ಅಂಗಡಿಗಳ ಎರಡನೇ ಕೀಲಿ ಇರುವುದು ಭಾವನ ಹತ್ತಿರ. ಯಾರಾದರೂ ಕೀಲಿ ಕಳೆದುಕೊಂಡರೆ, ಊರಿಗೆ ಹೋದರೆ, ಓಡಿ ಬರುವುದು ಇಲ್ಲಿಗೇ. ಅವರಿಗೆ ಸನ್ಮಾನ, ಶಾಲು, ಪ್ರಶಸ್ತಿ ಯಾವುದೂ ಸಿಕ್ಕಿಲ್ಲ. ಸಿಕ್ಕಿದ್ದು ಈ ಹನ್ನೊಂದು ಕೀಲಿ. ಬೆಳಿಗ್ಗೆ ಬಾಗಿಲು ತೆರೆದವರೇ ಮೊದಲು ಅವನ್ನು ಬಟ್ಟೆಯಿಂದ ಒರೆಸುತ್ತಾರೆ.

ಇಂಥ ಮನುಷ್ಯನ ಬಾಯಿಗೆ ಮಣ್ಣು ಹಾಕಿದವಳು ನಾನು. ಪ್ರೆಸ್ಸಿನಲ್ಲಿ ಅಕ್ಷರ ತಿದ್ದುವ ಕೆಲಸ ನನ್ನದು, ಹಾಗಾಗಿ ಎಲ್ಲ ಗೊತ್ತು ಎಂಬ ಜಂಬ. "ಭಾವ, ಈಗ ಎಲ್ಲಾರೂ ಇಂಟರ್ನೆಟ್ಟಲ್ಲೇ ಇರೋದು. ಒಂದು ಜಾಹೀರಾತು ಹಾಕೋಣ" ಎಂದೆ. ನಗುತ್ತಿರುವ ಅವರ ಫೋಟೋ, ಅಂಗಡಿಯ ವಿಳಾಸ, ಕೆಳಗೆ ನಾನೇ ಬರೆದ ಎರಡು ಸಾಲು: "ನಿಮ್ಮ ತಲೆಗೆ ತಕ್ಕ ಟೋಪಿ. ನಮ್ಮಲ್ಲಿ ಒಮ್ಮೆ ಹಾಕಿಸಿಕೊಂಡವರು ಮತ್ತೆ ಬರುತ್ತಾರೆ." ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ವಾರಕ್ಕೆ ಗಡಿಯಾರ ರಿಪೇರಿಯವರು ಬಂದು, "ಕೀಲಿಗೆ ತುಕ್ಕು ಹಿಡಿದಿರ್ಬೇಕು, ಎಣ್ಣೆ ಹಾಕಿ ತರ್ತೀನಿ" ಎಂದು ತಮ್ಮ ಕೀಲಿ ತೆಗೆದುಕೊಂಡು ಹೋದರು. ದಿನಾ ಒರೆಸುವ ಕೀಲಿಗೆ ಎಲ್ಲಿಯ ತುಕ್ಕು? ಮರುದಿನ ಪಾತ್ರೆ ಅಂಗಡಿಯವರು, ಆಮೇಲೆ ಔಷಧಿ ಅಂಗಡಿಯಾಕೆ. ಆಮೇಲಾಮೇಲೆ ಬಂದವರು ನೆಪ ಹುಡುಕುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಐದು ಮೊಳೆ ಖಾಲಿಯಾದವು. ಭಾವ ಆ ಐದು ಮೊಳೆಗಳನ್ನೂ ಒರೆಸಿದರು.

ಕೊನೆಗೆ ಬಾಯಿ ಬಿಡಿಸಿದ್ದು ಅಕ್ಕ. ಗಡಿಯಾರದವರ ಹೆಂಡತಿಯನ್ನು ಹಿಡಿದು ಕೂರಿಸಿ ಕೇಳಿದಳು. ಗಡಿಯಾರದವರಿಗೆ ಯಾರೋ ಹಳೇ ಫೋನು ಮಾರಿ ಮೋಸ ಮಾಡಿದ್ದರಂತೆ. ಆ ಸಂಕಟಕ್ಕೆ ಅವರು "ನಮಗೂ ಮೋಸವಾಗಿದೆ" ಎಂಬ ಚರ್ಚಾ ತಾಣ ಸೇರಿದ್ದರು. ಮೋಸ ಹೋದವರೆಲ್ಲ ಅಲ್ಲಿ ಕೂತು ತಮ್ಮ ಕಥೆ ಬರೆದುಕೊಳ್ಳುತ್ತಾರೆ. ನಾನು ತೆರೆದು ನೋಡಿದೆ. ಪುಟದ ತುಂಬ "ನನಗೆ ಟೋಪಿ ಹಾಕಿದ", "ನಮ್ಮ ಮಾವನಿಗೂ ಟೋಪಿ ಹಾಕಿದ". ಪ್ರತಿಯೊಂದರ ಕೆಳಗೂ ನಗುತ್ತಿರುವ ನಮ್ಮ ಭಾವ, ವಿಳಾಸದ ಸಮೇತ.

ಬೇರೆ ಜಾಹೀರಾತುಗಳ ಗತಿಯೂ ಅಷ್ಟೆ. ಒಬ್ಬಾಕೆ "ಹೊಟ್ಟೆ ಉರೀತಿದೆ" ಎಂದು ಬರೆದಿದ್ದಕ್ಕೆ ಕೆಳಗೆ ಅಸಿಡಿಟಿ ಪುಡಿ. "ನನ್ನ ತಲೆ ಬೋಳಿಸಿ ಹೋದ" ಎಂದವನಿಗೆ ರೇಜರು. "ಪಾಲುದಾರ ಕೈ ಕೊಟ್ಟ" ಎಂದವನಿಗೆ ಒಂದು ಜೊತೆ ಉಣ್ಣೆಯ ಕೈಗವಸು.

ಜಾಹೀರಾತಿನ ಕಂಪನಿಗೆ ಫೋನು ಮಾಡಿ ಕೂಗಾಡಿದೆ. ಆ ಕಡೆಯ ಹುಡುಗಿ ಜೇನಿನಂಥ ದನಿಯಲ್ಲಿ, "ಓದೋರು ಯಾರು ಅಂತ ಯಂತ್ರ ನೋಡಲ್ಲ ಮೇಡಂ. ಪುಟದಲ್ಲಿರೋ ಮಾತು ನೋಡತ್ತೆ. ಟೋಪಿ ಅಂತ ಎಲ್ಲಿ ಜಾಸ್ತಿ ಇದ್ಯೋ ಅಲ್ಲಿ ನಿಮ್ಮದು" ಎಂದಳು.

"ಅದು ಆ ಟೋಪಿ ಅಲ್ಲ ತಾಯಿ!"

"ಆದ್ರೆ ತುಂಬಾ ಚೆನ್ನಾಗಿ ಓಡ್ತಿದೆ ಮೇಡಂ. ನಿಮ್ಮ ಜಾಹೀರಾತು ಒತ್ತಿದಷ್ಟು ಜನ ಇನ್ಯಾವುದನ್ನೂ ಒತ್ತಿಲ್ಲ."

"ಬೈಯೋದಕ್ಕೆ ಅಂತ ಒತ್ತಿದಾರೆ!"

"ಯಾಕೆ ಒತ್ತಿದ್ರು ಅಂತ ಯಂತ್ರ ಕೇಳಲ್ಲ" ಎಂದಳು. ಬೇಕಿದ್ದರೆ 'ಟೋಪಿ' ಎಂಬ ಪದವನ್ನು ನಿಷೇಧದ ಪಟ್ಟಿಗೆ ಸೇರಿಸಬಹುದು, ಆಮೇಲೆ ಆ ಪದ ಇರುವ ಯಾವ ಪುಟದಲ್ಲೂ ನಮ್ಮ ಜಾಹೀರಾತು ಬರುವುದಿಲ್ಲ, ಅದಕ್ಕೆ ಎರಡು ವಾರ ಹಿಡಿಯುತ್ತದೆ. ಸೇರಿಸು ಎಂದೆ.

ಎರಡು ವಾರ ಸುಮ್ಮನೆ ಕೂರಲು ಭಾವನಿಗೆ ಆಗಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ತಾಣದಲ್ಲಿ ತಾವೇ ಬರೆಸಿದರು: "ನಾನು ಟೋಪಿ ಹೊಲಿಯುವವನು. ಟೋಪಿ ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ. ನನ್ನ ಟೋಪಿಯಿಂದ ಯಾರಿಗಾದರೂ ತೊಂದರೆಯಾಗಿದ್ದರೆ ದಯವಿಟ್ಟು ಅಂಗಡಿಗೆ ಬನ್ನಿ, ಹೊಸ ಟೋಪಿ ಕೊಡುತ್ತೇನೆ." ಇಷ್ಟೊಂದು ಟೋಪಿ ಒಟ್ಟಿಗೆ ಕಂಡು ಯಂತ್ರಕ್ಕೆ ಸ್ವರ್ಗ ಮೂರೇ ಗೇಣು. ಮೇಲೊಂದು, ಕೆಳಗೊಂದು, ಪಕ್ಕಕ್ಕೊಂದು, ಮೂರು ಭಾವಂದಿರು ನಗುತ್ತ ನಿಂತರು. "ಎಂಥ ಧೈರ್ಯ ನೋಡ್ರಿ, ಬಂದು ಇನ್ನೊಂದ್ಸಲ ಹಾಕಿಸ್ಕೊಳಿ ಅಂತಾನೆ!" ಎಂದು ಯಾರೋ ಬರೆದರು. ನಾನು ಹಟಕ್ಕೆ ಬಿದ್ದು ಟೋಪಿ ತೆಗೆದು 'ಶಿರಸ್ತ್ರಾಣ' ಎಂದು ತಿದ್ದಿದೆ. ಹೆಲ್ಮೆಟ್ಟಿನ ಜಾಹೀರಾತು ಬಂತು. ಹಲಗೆಯಲ್ಲಿ ಮೂರು ಕೀಲಿ ಉಳಿದವು.

ಆಗ ಬಂದದ್ದು ಆ ಒಂದು ಉತ್ತರ. ಬರೆದವರು ನಿವೃತ್ತ ಬ್ಯಾಂಡಿನವರು, ತುತ್ತೂರಿ ಊದುತ್ತಿದ್ದವರು. "ಫೋಟೋ ನೋಡಿ ಗುರುತು ಹಿಡಿದೆ. ಹತ್ತೊಂಬತ್ತು ವರ್ಷದ ಹಿಂದೆ ಇವರ ಟೋಪಿ ತೊಟ್ಟಿದ್ದೆ. ಬಿಗಿಯಾಗಿತ್ತು. ಪ್ರತಿ ಕಾರ್ಯಕ್ರಮದಲ್ಲೂ ತಲೆನೋವು. ತುತ್ತೂರಿಯ ತಪ್ಪೆಂದು ತಿಳಿದು ಮೂರು ತುತ್ತೂರಿ ಬದಲಾಯಿಸಿದೆ."

ನೂರಾರು ಜನ ಕಳ್ಳ ಎಂದಾಗ ಬಾಡದ ಭಾವನ ಮುಖ ಇದನ್ನು ಓದಿ ಸಪ್ಪಗಾಯಿತು. ಹಳೆಯ ಅಳತೆಯ ಪುಸ್ತಕ ಹುಡುಕಿ ತೆಗೆದರು. "ಐವತ್ತೊಂಬತ್ತು ಅಂತ ಬರೆದು ಐವತ್ತೆಂಟರಲ್ಲಿ ಹೊಲ್ದಿದೀನಿ ಕಣಮ್ಮ. ಇವ್ರು ಹೇಳ್ತಿರೋದು ನಿಜ" ಎಂದರು. ಅವತ್ತು ಊಟ ಮಾಡಲಿಲ್ಲ. ಯಾರು ಯಾರೋ ಸುಳ್ಳು ಹೇಳಿದ್ದಕ್ಕೆ ನಾನು ಕುದಿಯುತ್ತಿದ್ದರೆ, ಇವರು ಒಬ್ಬ ನಿಜ ಹೇಳಿದ್ದಕ್ಕೆ ಕೊರಗುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು, ಅಳುವೂ ಬಂತು.

ಎರಡು ದಿನ ಕೂತು ಹೊಸ ಟೋಪಿ ಹೊಲಿದು, ತಾಣದಲ್ಲೇ ವಿಳಾಸ ಕೇಳಿಕೊಂಡು, ಮೂರು ಗಂಟೆ ಬಸ್ಸಿನಲ್ಲಿ ಕೂತು ಅವರ ಮನೆಗೆ ಹೋದರು. ಮುದುಕರ ತಲೆ ಮತ್ತೊಮ್ಮೆ ಅಳೆದು, ಟೋಪಿ ತೊಡಿಸಿ, ಕೈಮುಗಿದು ಬಂದರು. ಮುದುಕರಿಗೆ ಸಂತೋಷ ತಡೆಯಲಾಗಲಿಲ್ಲ. ಆ ಸಂಜೆಯೇ ತಾಣದಲ್ಲಿ ಮನಸಾರೆ ಬರೆದರು: "ಈ ಮಹಾನುಭಾವರು ಇವತ್ತು ನನ್ನ ಮನೆಗೇ ಬಂದು ಟೋಪಿ ಹಾಕಿ ಹೋದರು. ಇಂಥವರನ್ನು ನಾನು ಜನ್ಮದಲ್ಲಿ ಕಂಡಿಲ್ಲ."

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಕೆಳಗೆ ಸಂತಾಪದ ಸುರಿಮಳೆ. "ಅಯ್ಯೋ, ಮನೆಗೇ ಬಂದ್ನಾ?" "ವಯಸ್ಸಾದವರನ್ನೂ ಬಿಡಲ್ವಲ್ಲ!" ಮುದುಕರು "ಇಲ್ಲ ಇಲ್ಲ, ಚೆನ್ನಾಗಿ ಹಾಕಿದರು" ಎಂದು ಸಮಜಾಯಿಷಿ ಬರೆದಷ್ಟೂ ಜನ ಅವರಿಗೆ ಧೈರ್ಯ ಹೇಳಿದರು. ಮರುದಿನ ಉಳಿದ ಮೂರು ಕೀಲಿಯೂ ಹೋದವು.

ನನಗೆ ತಡೆಯಲಾಗಲಿಲ್ಲ. ಹನ್ನೊಂದು ಅಂಗಡಿಯ ಮೆಟ್ಟಿಲನ್ನೂ ಹತ್ತಿದೆ. ಜಾಹೀರಾತು ಬರೆದವಳು ನಾನು, ತಪ್ಪು ಮಾಡಿದ್ದು ಯಂತ್ರ, ಅದಕ್ಕೆ ಕನ್ನಡ ಬರುವುದಿಲ್ಲ ಎಂದು ಬಿಡಿಸಿ ಹೇಳಿದೆ. ಗಡಿಯಾರದವರು ಕಣ್ಣಿನ ಮಸೂರ ತೆಗೆದು, "ಗೊತ್ತಮ್ಮ. ನಿಮ್ಮ ಭಾವ ಅಂಥೋರಲ್ಲ ಅಂತ ನಮಗೆ ಗೊತ್ತಿಲ್ವಾ? ಆದ್ರೂ..." ಎಂದರು. ಹನ್ನೊಂದು ಕಡೆಯೂ ಇದೇ 'ಆದ್ರೂ'. ಅದರ ಮುಂದಿನ ಮಾತು ಯಾರೂ ಹೇಳಲಿಲ್ಲ. ಯಂತ್ರಕ್ಕಾದರೆ ಕನ್ನಡ ಬರುವುದಿಲ್ಲ, ಇವರಿಗೇನು ರೋಗ?

ಎರಡು ವಾರ ಕಳೆದು ಪದ ನಿಷೇಧವಾಯಿತು. ಈಗ ಭಾವನ ಜಾಹೀರಾತು ಟೋಪಿಯ ಸುದ್ದಿ ಇರುವ ಪುಟವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಬರುತ್ತದೆ. ಮೀನು ಸಾಕುವವರ ಚರ್ಚೆಯಲ್ಲಿ ಚೆನ್ನಾಗಿ ನಗುತ್ತಾರೆ.

ಅದಾದ ಮೂರನೇ ದಿನ ಅಂಗಡಿಗೆ ಒಂದು ದಪ್ಪ ಲಕೋಟೆ ಬಂತು. ಒಳಗೆ ಒಂದು ಕೀಲಿ, ಒಂದು ಚೀಟಿ. "ಒಬ್ಬನೇ ಇರುವವನು. ಎರಡನೇ ಕೀಲಿಯನ್ನು ಯಾರ ಕೈಗೆ ಕೊಡುವುದೆಂದು ಬಹಳ ದಿನದಿಂದ ಯೋಚಿಸುತ್ತಿದ್ದೆ. ನಿಮ್ಮ ಹತ್ತಿರ ಇರಲಿ." ತುತ್ತೂರಿಯ ಮುದುಕರು ಕಳಿಸಿದ್ದು.

"ಮೂರು ಗಂಟೆ ದೂರ ಭಾವ! ಅವ್ರು ಹೊರಗೆ ಸಿಕ್ಕಾಕ್ಕೊಂಡ್ರೆ ನೀವು ಹೋಗೋಷ್ಟರಲ್ಲಿ ಬೆಳಗಾಗತ್ತೆ" ಎಂದೆ. ಭಾವ ಆಗಲೇ ಬಸ್ಸಿನ ಸಮಯವನ್ನು ಹಲಗೆಯ ಪಕ್ಕ ಬರೆಯುತ್ತಿದ್ದರು.

ಔಷಧಿ ಅಂಗಡಿಯಾಕೆ ಬಾಗಿಲಲ್ಲಿ ಇಣುಕಿದರು. ಖಾಲಿ ಹಲಗೆಯಲ್ಲಿ ಒಂದೇ ಒಂದು ಕೀಲಿ ನೋಡಿ, "ಯಾರದ್ದಿದು?" ಎಂದು ಕೇಳಿದರು.

"ನಾನು ಟೋಪಿ ಹಾಕಿದವರದ್ದು" ಎಂದರು ಭಾವ.