ರಾಟೆಗೆ ಎಣ್ಣೆ ಹಾಕಿದ ಮಧ್ಯಾಹ್ನ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಶಿಡ್ಲಘಟ್ಟದ ಒಂದು ಪ್ರೌಢಶಾಲೆಗೆ ವಿಜ್ಞಾನದ ಟೀಚರಾಗಿ ಸೇರಿದೆ. ನನ್ನೂರು ಚಿಂತಾಮಣಿ. ದಿನವೂ ಓಡಾಡುವುದು ಬೇಡವೆಂದು ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಮನೆಯೊಡತಿಯನ್ನು ಬೀದಿಯವರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹಿತ್ತಲಿನ ಶೆಡ್ಡಿನಲ್ಲಿ ಆಕೆಯ ಗಂಡ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ರೇಷ್ಮೆಗೂಡಿನಿಂದ ಎಳೆ ಬಿಡಿಸುತ್ತಿದ್ದರು. ಆ ಎಳೆ ಸುತ್ತಿಕೊಳ್ಳುವ ದೊಡ್ಡ ರಾಟೆಯನ್ನು ಆಪಾ ಕೈಯಿಂದ ತಿರುಗಿಸುತ್ತಿದ್ದರು.

ಸಂಜೆ ನಾನು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಹಬೆಯೊಳಗೆ ರಾಟೆ ಸುತ್ತುತ್ತಿತ್ತು; ಎಳೆ ಕಾಣುತ್ತಿರಲಿಲ್ಲ, ಅದರ ಹಳದಿ ಹೊಳಪಷ್ಟೇ ಕಾಣುತ್ತಿತ್ತು. ನೋಡುತ್ತ ನೋಡುತ್ತ ಕೂತಿರುವುದು ನಾನೋ, ಸುತ್ತುತ್ತಿರುವುದು ನಾನೋ ತಿಳಿಯದೆ ಕಣ್ಣು ಮುಚ್ಚಿಬರುತ್ತಿತ್ತು.

ಒಂದು ಶನಿವಾರ ಬೆಳಿಗ್ಗೆ ಕ್ಲಾಸಿನಲ್ಲಿ ಜಡತ್ವದ ಪಾಠ. ಯಾವ ಬಲವೂ ತಡೆಯದಿದ್ದರೆ ಚಲಿಸುವ ವಸ್ತು ಚಲಿಸುತ್ತಲೇ ಇರುತ್ತದೆ ಎಂದೆ. ಜಂಗಮಕೋಟೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

“ಮಿಸ್, ಎತ್ತು ನಿಂತ್ರೆ ಗಾಡೀನೂ ನಿಂತೋಗ್ತೈತೆ. ನಿಲ್ದೆ ಹೋಗೋದನ್ನ ನೀವು ನೋಡಿದೀರಾ?”

ನಾನು ನೋಡಿರಲಿಲ್ಲ. “ಪರೀಕ್ಷೇಲಿ ಪುಸ್ತಕದಲ್ಲಿರೋ ಹಾಗೇ ಬರಿಯಮ್ಮ, ಕೂತ್ಕೋ” ಎಂದುಬಿಟ್ಟೆ. ಅವಳು ಕೂತಳು. ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ನಾಚಿಕೆಯಾಯಿತು.

ಮಧ್ಯಾಹ್ನ ಆಪಾಗೆ ಹೇಳಿಕೊಂಡೆ. ಅಂದಿನ ನೂಲು ಮುಗಿದು ರಾಟೆ ಖಾಲಿಯಾಗಿತ್ತು.

“ಆ ಹುಡುಗಿ ಹೇಳಿದ್ದನ್ನೇ ಗ್ರೀಸ್ ದೇಶದ ದೊಡ್ಡ ಪಂಡಿತರೂ ಹೇಳಿದ್ರು ಆಪಾ. ತಳ್ಳೋದು ಬಿಟ್ರೆ ವಸ್ತು ನಿಲ್ಲತ್ತೆ ಅಂತ. ಪರ್ಷಿಯಾದ ಒಬ್ಬ ಹಕೀಮರು ಒಪ್ಪಲಿಲ್ಲ, ಇನ್ನೂ ಕೆಲವರು ಅನುಮಾನಪಟ್ರು. ಆದ್ರೂ ಸುಮಾರು ಎರಡು ಸಾವಿರ ವರ್ಷ ಹೆಚ್ಚಿನ ಜನ ಅದನ್ನೇ ನಂಬಿದ್ರು.”

ಆಪಾ ರಾಟೆಯನ್ನು ಒಮ್ಮೆ ಜೋರಾಗಿ ತಿರುಗಿಸಿ ಕೈಬಿಟ್ಟರು. ಅದು ಕಿರುಗುಟ್ಟುತ್ತ ಕೆಲವು ಸುತ್ತು ತಿರುಗಿ ನಿಂತಿತು. ಒಳಗಿಂದ ಎಣ್ಣೆ ತಂದು ಅಚ್ಚಿನ ಎರಡೂ ಕಡೆ ಬಿಟ್ಟು, ಮತ್ತೆ ತಿರುಗಿಸಿದರು. ಈಗ ಸದ್ದಿಲ್ಲ. ರಾಟೆ ಬಹಳ ಹೊತ್ತು ತಾನಾಗಿ ತಿರುಗಿತು.

“ಇದಕ್ಕಿಂತ ಒಳ್ಳೆ ಎಣ್ಣೆ ಹಾಕಿದ್ರೆ ಇನ್ನೂ ತಿರುಗತ್ತೆ ಅಲ್ವಾ ಟೀಚರಮ್ಮ? ಉಜ್ಜೋದೇ ಇಲ್ಲ ಅಂದ್ರೆ...” ಆಕೆ ಬಗ್ಗಿ ಅಚ್ಚನ್ನೇ ನೋಡಿದರು. “ಯಾ ಅಲ್ಲಾ! ಅದು ಯಾಕಾದ್ರೂ ನಿಲ್ಲಬೇಕು?”

ಇಟಲಿಯ ವಿಜ್ಞಾನಿಯೊಬ್ಬರು ಇಳಿಜಾರಿನಲ್ಲಿ ಗುಂಡು ಉರುಳಿಸಿ, ಆಪಾ ಯೋಚಿಸಿದ ಹಾಗೇ ಯೋಚಿಸಿದ್ದನ್ನು ಹೇಳಿದೆ. ನುಣುಪು ಹೆಚ್ಚಿದಷ್ಟೂ ಗುಂಡು ದೂರ ಹೋಗುತ್ತದೆ. ತಡೆಯೇ ಇಲ್ಲದ ಸಮನೆಲದಲ್ಲಿ ಅದು ಹೋಗುತ್ತಲೇ ಇರುತ್ತದೆ. ಆಮೇಲೆ ಇಂಗ್ಲೆಂಡಿನವರೊಬ್ಬರು ಅದನ್ನು ನಿಯಮವಾಗಿ ಬರೆದರು.

“ಅಲ್ಲೀವರೆಗೂ ಯಾರೂ ಎಣ್ಣೆ ಹಾಕ್ಲಿಲ್ವಾ?” ಎಂದರು ಆಪಾ. ತೊಟ್ಟಿ ತೊಳೆಯುತ್ತಿದ್ದ ಗಂಡ ಗಟ್ಟಿಯಾಗಿ ನಕ್ಕರು.

ಸೋಮವಾರ ಇಡೀ ಕ್ಲಾಸನ್ನು ಹಿತ್ತಲಿಗೆ ಕರೆತಂದೆ. ಎಲ್ಲರ ಮುಂದೆ ಆ ಹುಡುಗಿಗೆ, “ನಿನ್ನ ಪ್ರಶ್ನೆ ಸರಿಯಾಗಿತ್ತಮ್ಮ, ಅದನ್ನ ಹೇಗೆ ತೋರಿಸ್ಬೇಕು ಅಂತ ನನಗೆ ಗೊತ್ತಿರ್ಲಿಲ್ಲ” ಎಂದೆ. ಆಪಾ ಇಸ್ತ್ರಿ ಮಾಡಿದ ಸೀರೆಯುಟ್ಟು, ಮೊದಲು ಸಂಕೋಚಪಟ್ಟು, ಆಮೇಲೆ ತಾವೇ ಪಾಠ ಮಾಡಿದರು. ಹುಡುಗಿ ಎಣ್ಣೆ ಬಿಟ್ಟು, ರಾಟೆ ತಿರುಗಿಸಿ, ಅದು ನಿಲ್ಲುವವರೆಗೂ ನೋಡಿದಳು.

“ಉಜ್ಜೋದೇ ಇಲ್ದಿರೋ ಜಾಗ ಎಲ್ಲೈತೆ?” ಎಂದು ಕೇಳಿದಳು.

ಆಪಾ ತಲೆಯೆತ್ತಿದರು. “ಮೇಲೆ ಇರ್ಬೇಕಮ್ಮ. ಚಂದ್ರನಿಗೆ ಯಾರು ಎಣ್ಣೆ ಹಾಕ್ತಾರೆ?”

ನಾವೆಲ್ಲರೂ ಹಗಲಿನ ಖಾಲಿ ಆಕಾಶವನ್ನು ನೋಡುತ್ತ ನಿಂತುಬಿಟ್ಟೆವು. ಶಾಲೆಯ ಬೆಲ್ಲು ಹೊಡೆದದ್ದು ಕೇಳಿಸಿದರೂ ಯಾರೂ ಕದಲಲಿಲ್ಲ.

ಆ ಮನೆಯಲ್ಲಿ ನಾನು ಇನ್ನೂ ನಾಲ್ಕು ವರ್ಷ ಇದ್ದೆ. ಯಾವ ಹೊಸ ಪಾಠವಾದರೂ ಹಿಂದಿನ ಸಂಜೆ ಆಪಾಗೆ ಹೇಳಿ ನೋಡುತ್ತಿದ್ದೆ. ಆಕೆ ಹುಬ್ಬು ಗಂಟಿಕ್ಕಿದರೆ, ಮರುದಿನ ಕ್ಲಾಸಿನಲ್ಲಿ ಆ ಪಾಠ ಶುರುಮಾಡುತ್ತಿರಲಿಲ್ಲ.